ಅಜ್ಜನ ಕಾಲದ ಫಿಯೆಟ್ಟನ್ನು ಮನೆಯ ಶೆಡ್ಡಿನಲ್ಲಿ ಕಟ್ಟುವುದು: ಮೊದಲು ತಗಡು, ಆಮೇಲೆ ಎಂಜಿನ್

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಅಜ್ಜ 1968ರಲ್ಲಿ ಹೊಸತಾಗಿ ಕೊಂಡ ಫಿಯೆಟ್ 1100 ಡಿಲೈಟ್ ಕಾರು 22 ವರ್ಷಗಳಿಂದ ದನದ ಹಟ್ಟಿಗೆ ತಾಗಿದ ಮಾಡಿನ ಕೆಳಗೆ ನಿಂತೇ ಇದೆ. ಎಂಜಿನ್ ತಿರುಗುವುದಿಲ್ಲ, ನೆಲದ ತಗಡು ಕೆಲವು ಕಡೆ ತೂತಾಗಿದೆ. ಅದರ ಟಾಪ್ ಕತ್ತರಿಸಿ ತೆರೆದ ಕಾರು ಮಾಡಿ, ಈಚಿನ ಯಾವುದಾದರೂ ಕಾರಿನ ಡೀಸೆಲ್ ಎಂಜಿನ್ ಕೂರಿಸಿ, ಅಗಲದ ಚಕ್ರ ಹಾಕಿ, ನನ್ನದೇ ಕಲ್ಪನೆಯ ಕಾರೊಂದನ್ನು ಕಟ್ಟಬೇಕೆಂಬ ಆಸೆಯಿದೆ. ವೆಲ್ಡಿಂಗ್ ಸ್ವಲ್ಪ ಬರುತ್ತದೆ. 12 ಅಡಿ ಅಗಲ, 20 ಅಡಿ ಉದ್ದದ ಮುರಕಲ್ಲಿನ (ಜಂಬಿಟ್ಟಿಗೆಯ) ಶೆಡ್ಡು ಖಾಲಿ ಇದೆ. ಆರ್‌ಸಿ ಪುಸ್ತಕ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆರಂಭಿಸಬೇಕಾದುದು ಕಾರಿನ ಅಡಿಯಿಂದ, ಎಂಜಿನ್ನಿನಿಂದ ಅಲ್ಲ. ನಿಂತ ಎಂಜಿನ್ನಿಗೆ ಮತ್ತೆ ಜೀವ ಬರಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಆದರೆ ಕರಾವಳಿಯ ಹಳೆಯ ಕಾರುಗಳಲ್ಲಿ ಕೆಟ್ಟ ಎಂಜಿನ್ನಿಗಾಗಿ ಕೈಬಿಟ್ಟವುಗಳಿಗಿಂತ ಕೊಳೆತ ತಗಡಿಗಾಗಿ ಕೈಬಿಟ್ಟವುಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಉಪ್ಪುಗಾಳಿ ಒಳನಾಡಿನವರೆಗೂ ಬೀಸುವ ನಮ್ಮ ಜಿಲ್ಲೆಯಲ್ಲಿ ಒಂದು ಕಾರು ಮನೆಯಲ್ಲಿ ದುರಸ್ತಿಯಾಗಬಲ್ಲುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದರ ಅಡಿಯ ತಗಡೇ. ಟಾಪ್ ಕತ್ತರಿಸುವ, ಡೀಸೆಲ್ ಎಂಜಿನ್ ಕೂರಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಕಾರಣಗಳನ್ನು ಮುಂದೆ ವಿವರವಾಗಿ ಬರೆಯುತ್ತೇನೆ. ನಿಮ್ಮ ಕಲ್ಪನೆಗೆ ಅವಕಾಶವಿರುವ ಕಡೆಗಳು ಬೇರೆ ಇವೆ.

ಫಿಯೆಟ್ 1100ರ ಈ ವಂಶ ಇಟಲಿಯಲ್ಲಿ 1953ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ತಯಾರಿಸಿತು. ಡಿಲೈಟ್ ಎಂದು ಕರೆಯಲ್ಪಟ್ಟ ಮಾದರಿಯೇ ಮುಂದೆ ಪ್ರೆಸಿಡೆಂಟ್ ಎಂದೂ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡು 2000ದ ಸುಮಾರಿನವರೆಗೆ ಬಾಳಿತು. ಈ ಕಾರಿಗೆ ಲಾರಿಗೋ ಹಳೆಯ ಜೀಪಿಗೋ ಇರುವಂತೆ ಬೇರೆಯೇ ಆದ ಚಾಸಿ, ಅಂದರೆ ಅಡಿಯಲ್ಲಿ ಭಾರ ಹೊರುವ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲ ಹೊಸ್ತಿಲ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆಗಳು, ಬಾಗಿಲ ಕಂಬಗಳು ಮತ್ತು ಟಾಪ್ ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ತೆಂಗಿನಕಾಯಿಯ ಚಿಪ್ಪು ಇಡಿಯಾಗಿರುವಾಗ ಎಷ್ಟು ಗಟ್ಟಿ, ಒಡೆದು ಹೋಳಾದ ಮೇಲೆ ಅದರ ಅಂಚನ್ನು ಒತ್ತಿದರೆ ಎಷ್ಟು ಸುಲಭವಾಗಿ ಸೀಳುತ್ತದೆ ಎಂಬುದನ್ನು ನೆನೆದರೆ ವಿಷಯ ಸ್ಪಷ್ಟವಾದೀತು. ಟಾಪ್ ತೆಗೆದ ಡಿಲೈಟ್ ಮೊದಲ ಹೊಂಡಕ್ಕೇ ನಡುವಿನಲ್ಲಿ ಬಾಗತೊಡಗುತ್ತದೆ, ಬಾಗಿಲುಗಳು ಸಿಕ್ಕಿಕೊಳ್ಳುತ್ತವೆ, ಅಪಘಾತವಾದರೆ ಒಳಗಿನವರನ್ನು ಕಾಯುವ ಗೂಡೇ ಉಳಿಯುವುದಿಲ್ಲ. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಬೇರೆ ಚಾಸಿ ಇತ್ತು, ಟಾಪನ್ನು ಬೋಲ್ಟುಗಳಿಂದ ಬಿಗಿಯಲಾಗಿತ್ತು. ಅದರ ಮೂಲವಾದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ಗೆ ತೆರೆದ ಮಾದರಿ ಕಾರ್ಖಾನೆಯಿಂದಲೇ ಬರುವುದಕ್ಕೆ ಇದೇ ಕಾರಣ. ತೆರೆದ ಕಾರಿನ ಆಸೆ ಅಷ್ಟು ಗಾಢವಾಗಿದ್ದರೆ ಅಂಥ ಕಾರನ್ನೋ ಹಳೆಯ ಜೀಪನ್ನೋ ಹುಡುಕಿ. ಅಜ್ಜನ ಫಿಯೆಟ್ಟಿನ ಮೇಲೆ ಗರಗಸ ಇಡಬೇಡಿ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಈ ಕಲಮಿನ ಅರ್ಥದ ಬಗ್ಗೆ ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟು, ಹೈಕೋರ್ಟು ತೋರಿಸಿದ್ದ ಸಡಿಲಿಕೆಯನ್ನು ರದ್ದು ಮಾಡಿತು. ಆದ್ದರಿಂದ ಟಾಪ್ ಇಲ್ಲದ, ಬೇರೆ ಕಂಪೆನಿಯ ಡೀಸೆಲ್ ಎಂಜಿನ್ ಇರುವ ಫಿಯೆಟ್ಟನ್ನು ನೀವು ಎಷ್ಟೇ ಚೆನ್ನಾಗಿ ಕಟ್ಟಿದರೂ ಅದು ಅಂಗಳದಿಂದ ಹೊರಗೆ ಹೋಗಲಾರದು. ಹೋದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ.

ಇದಕ್ಕೆ ಬದಲಾಗಿ ನಿಮ್ಮ ಮುಂದೆ ಎರಡು ದಾರಿಗಳಿವೆ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದೆ ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮ ಕಾರು 2018ರಲ್ಲೇ ಆ ವಯಸ್ಸು ದಾಟಿದೆ. ಹೊಸ ನೋಂದಣಿಗೆ ಆ ನಿಯಮದಲ್ಲಿ ನಿಗದಿಯಾದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಎರಡು ಅಕ್ಷರಗಳು ಬರುತ್ತವೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲ್ ತುಂಬಿಸಲಿಕ್ಕೆ, ದುರಸ್ತಿಗೆ ಕೊಂಡೊಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ವಾರಕ್ಕೊಮ್ಮೆ ಕುಂಬಳೆ ಪೇಟೆಗೆ, ನೆಂಟರ ಮನೆಯ ಮದುವೆಗೆ ಅದರಲ್ಲೇ ಹೋಗಬೇಕೆಂದಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. ಖಾಸಗಿ ಕಾರಿಗೆ 15 ವರ್ಷದ ಬಳಿಕ ಅದು ಐದೈದು ವರ್ಷಕ್ಕೆ ಆಗುತ್ತದೆ. ಯಾವ ದಾರಿಯಾದರೂ ಮೂಲ ಬಾಡಿ ಮತ್ತು ಮೂಲ ಎಂಜಿನ್ ಉಳಿದಿರಬೇಕು. ಹಣ ಖರ್ಚು ಮಾಡುವ ಮೊದಲು ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಕಾರಿನ ಮೇಲೆ ಕೊರೆದ ನಂಬರುಗಳ ಜತೆ ತಾಳೆ ನೋಡಿ, ತುಕ್ಕು ತೆಗೆಯುವ ಮುನ್ನವೇ ಅವುಗಳ ಪೆನ್ಸಿಲ್ ಪ್ರಿಂಟ್ (ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಮತ್ತು ಫೋಟೋ ತೆಗೆದಿಟ್ಟುಕೊಳ್ಳಿ. ಗ್ರೈಂಡರ್ ತಾಗಿ ನಂಬರು ಸವೆದುಹೋದ ಕಾರಿಗೆ ಮತ್ತೆ ಕಾಗದ ಮಾಡಿಸುವುದು ಬಹಳ ಕಷ್ಟ. ಮಾಲಿಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಬದಲಿಸಲು ಫಾರ್ಮ್ 31 ಇದೆ. ಕಾಸರಗೋಡು ಜಿಲ್ಲೆಯಾದುದು 1984ರ ಮೇ 24ರಂದು. ನಿಮ್ಮ ಕಾರು ನೋಂದಣಿಯಾದಾಗ ನಾವು ಕಣ್ಣೂರು ಜಿಲ್ಲೆಯಲ್ಲಿದ್ದೆವು. ಹಳೆಯ ದಾಖಲೆ ಹುಡುಕುವಾಗ ಇದನ್ನು ಮರೆಯಬಾರದು.

ಈಗ ಶೆಡ್ಡಿಗೆ ಬರೋಣ. ಕಾರು ಸುಮಾರು 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇರುವುದರಿಂದ ನಿಮ್ಮ ಶೆಡ್ಡಿನಲ್ಲಿ ಎರಡೂ ಬದಿಗೆ ಮೂರು ಅಡಿಗಿಂತ ಹೆಚ್ಚು ಜಾಗ ಉಳಿಯುತ್ತದೆ, ಅದು ಸಾಕು. ಆದರೆ ಹಟ್ಟಿಯ ಪಕ್ಕದಿಂದ ಕಾರನ್ನು ಇಂದೇ ಬೇರ್ಪಡಿಸಿ. ಗಂಜಲದಿಂದ ಏಳುವ ಅಮೋನಿಯಾ ತೇವದ ಗಾಳಿಯೊಡನೆ ಸೇರಿ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಕುದುರೆಲಾಯಗಳಲ್ಲಿ ಮಳೆಗಾಲ ಕಳೆದ ತೋಟಾಗಳ ಹಿತ್ತಾಳೆಯ ಕವಚಗಳು ತಾವಾಗಿಯೇ ಸೀಳುತ್ತಿದ್ದವು; ಅದಕ್ಕೆ ಕಾರಣ ಅಮೋನಿಯಾ ಎಂಬುದು 1921ರಲ್ಲಿ ತಿಳಿದುಬಂತು. ನಿಮ್ಮ ಕಾರಿನ ರೇಡಿಯೇಟರ್, ಪೈಪುಗಳ ನಟ್ಟುಗಳು, ಕಾರ್ಬುರೇಟರಿನ ಜೆಟ್ಟುಗಳು ಎಲ್ಲ ಹಿತ್ತಾಳೆಯವೇ. ಎರಡನೆಯದಾಗಿ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತನ್ನು (ತಾಮ್ರದ ಸಲ್ಫೇಟನ್ನು) ಆ ಶೆಡ್ಡಿನಲ್ಲಿ ಇಡಬೇಡಿ, ಬಿಡುವ ಪಂಪು, ಪೈಪುಗಳನ್ನೂ ಅಲ್ಲಿ ತೊಳೆಯಬೇಡಿ. ಮೈಲುತುತ್ತಿನ ನೀರು ಬರಿಯ ಕಬ್ಬಿಣಕ್ಕೆ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿಹೋಗುತ್ತದೆ. ತಾಮ್ರ ಕೂತ ಜಾಗದ ಸುತ್ತ ತುಕ್ಕು ಇನ್ನಷ್ಟು ವೇಗವಾಗಿ ಹರಡುತ್ತದೆ. ತೋಟದ ಮನೆಗಳ ಹಳೆಯ ವಾಹನಗಳಲ್ಲಿ ಡಿಕ್ಕಿಯ ನೆಲ ಮೊದಲು ಹೋಗಿರುವುದನ್ನು ನೋಡಿದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, ಅದರಲ್ಲಿ ಮೈಲುತುತ್ತಿನ ಚೀಲ ತರುತ್ತಿದ್ದರೇ ಎಂಬುದು.

ಶೆಡ್ಡಿನ ನೆಲ ಮಣ್ಣಿನದ್ದಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಕಾಂಕ್ರೀಟ್ ಹಾಕಿಸಿ. ಆಟಿಯ (ಜುಲೈ-ಆಗಸ್ಟ್) ತಿಂಗಳಲ್ಲಿ ನೆಲದಿಂದ ಏಳುವ ತೇವ ಮಾಡಿನಿಂದ ಸೋರುವ ನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಟಾರ್ಪಾಲನ್ನು ಕಾರಿನ ಮೈಗೆ ತಾಗುವಂತೆ ಹೊದಿಸಬೇಡಿ, ಅದರೊಳಗೆ ಬೆವರು ಕಟ್ಟುತ್ತದೆ. ಕಾರನ್ನು ಎತ್ತಿ ಇಡಲು ಮುರಕಲ್ಲನ್ನು ಎಂದಿಗೂ ಬಳಸಬಾರದು. ಗೋಡೆಯಲ್ಲಿ ಭಾರ ಹರಡಿಕೊಂಡಾಗ ನೂರು ವರ್ಷ ನಿಲ್ಲುವ ಕಲ್ಲು, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಹುಡಿಯಾಗುತ್ತದೆ. ಒಳ್ಳೆಯ ಉಕ್ಕಿನ ನಾಲ್ಕು ಸ್ಟ್ಯಾಂಡುಗಳನ್ನು ಕೊಳ್ಳಿ, ಜೊತೆಗೆ ತೆಗೆದ ಚಕ್ರಗಳನ್ನು ಬಾಡಿಯ ಅಡಿಗೆ ಮಲಗಿಸಿಡಿ, ಜಾಕಿಯೊಂದರ ಮೇಲೆಯೇ ನಿಂತ ಕಾರಿನ ಅಡಿಗೆ ಒಂದು ಕ್ಷಣಕ್ಕೂ ಹೋಗಬೇಡಿ. 22 ವರ್ಷ ನಿಂತ ಕಾರಿನ ಸೀಟಿನ ಅಡಿಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡಿ. ಇಲಿಗಳಿದ್ದಲ್ಲಿ ಹಾವೂ ಇರುತ್ತದೆ.

ಇಷ್ಟಾದ ಮೇಲೆ ತಗಡಿನ ಪರೀಕ್ಷೆ. ಇದಕ್ಕೆ ಬೇಕಾದುದು ಸಣ್ಣ ಸುತ್ತಿಗೆ, ಹಳೆಯ ಸ್ಕ್ರೂಡ್ರೈವರ್, ಟಾರ್ಚು, ತೆಳು ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ, ಮತ್ತು ಅವಸರವಿಲ್ಲದ ಒಂದು ಇಡೀ ದಿನ. ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿ ತಗಡು ಒಂದು ಬಗೆಯಲ್ಲೂ ಕೊಳೆತದ್ದು ಇನ್ನೊಂದು ಬಗೆಯಲ್ಲೂ ಸ್ವರ ಕೊಡುತ್ತವೆ. ತೆಂಗಿನಕಾಯಿಯನ್ನು ತಟ್ಟಿ ಬಲಿತದ್ದೋ ಎಳತೋ ಎಂದು ತಿಳಿಯುವ ಕಿವಿ ಇದ್ದವರಿಗೆ ಇದು ಹೊಸತಲ್ಲ. ಸ್ವರ ಮಂಕಾದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿದೆ ಎಂದರ್ಥ. ಹೊಸ್ತಿಲ ಪೆಟ್ಟಿಗೆಗಳ ಎರಡೂ ತುದಿ, ಜಾಕಿ ಹಾಕುವ ಜಾಗ, ಹಿಂದಿನ ಎಲೆಸ್ಪ್ರಿಂಗುಗಳು ಬಾಡಿಗೆ ಸೇರುವ ಕಡೆ, ಮುಂದಿನ ಸಸ್ಪೆನ್ಶನ್ನಿನ ತೋಳುಗಳು ಕೂರುವ ಕಡೆ, ಬ್ಯಾಟರಿಯ ತಟ್ಟೆ, ಚಕ್ರದ ಕಮಾನುಗಳ ಒಳಅಂಚು, ಬಾಗಿಲುಗಳ ತಳ ಇವು ಮುಖ್ಯ. ಬಾಗಿಲ ತಳದಲ್ಲಿ ನೀರು ಇಳಿದುಹೋಗಲು ಕಾರ್ಖಾನೆಯೇ ಕೊಟ್ಟ ಸಣ್ಣ ತೂತುಗಳಿರುತ್ತವೆ. ಎಷ್ಟೋ ಕಾರುಗಳಲ್ಲಿ ಹಿಂದಿನ ದುರಸ್ತಿಯವರು ಅವನ್ನು ಪುಟ್ಟಿಯಿಂದ ಮುಚ್ಚಿ ಬಾಗಿಲನ್ನೇ ಬಾವಿ ಮಾಡಿರುತ್ತಾರೆ. ನೆಲದ ತೂತುಗಳು ನೋಡಲು ಭಯಂಕರ, ಆದರೆ ದುರಸ್ತಿಗೆ ಸುಲಭ. ಕಣ್ಣಿಗೆ ಕಾಣದ ಹೊಸ್ತಿಲ ಪೆಟ್ಟಿಗೆ ಮತ್ತು ಸ್ಪ್ರಿಂಗಿನ ಆಧಾರಗಳೇ ನಿಜವಾದ ಆತಂಕ.

ಕತ್ತರಿಸುವ ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತು, ಇದು ನಾನು ನಷ್ಟ ತೆತ್ತು ಕಲಿತದ್ದು. ವರ್ಷಗಳ ಹಿಂದೆ ಒಂದು ಹಳೆಯ ಫಿಯೆಟ್ಟಿನ ಎರಡೂ ಬದಿಯ ಹೊಸ್ತಿಲ ಪೆಟ್ಟಿಗೆಗಳನ್ನು ಒಂದೇ ಸಂಜೆ ಕತ್ತರಿಸಿ ತೆಗೆದೆ. ಮರುದಿನ ಹೊಸ ತಗಡನ್ನು ಅಚ್ಚುಕಟ್ಟಾಗಿ ಬೆಸೆದು, ಬಾಗಿಲು ಮುಚ್ಚಲು ಹೋದರೆ ಬೀಗ ತನ್ನ ಜಾಗಕ್ಕಿಂತ ಅರ್ಧ ಇಂಚು ಕೆಳಗಿತ್ತು. ಆಧಾರವಿಲ್ಲದ ಬಾಡಿ ರಾತ್ರಿಯಲ್ಲಿ ತನ್ನ ಭಾರಕ್ಕೇ ಜಗ್ಗಿ, ನಾನು ಆ ಜಗ್ಗಿದ ಆಕಾರವನ್ನೇ ಶಾಶ್ವತವಾಗಿ ಬೆಸೆದಿದ್ದೆ. ಎಲ್ಲವನ್ನೂ ಮತ್ತೆ ಕತ್ತರಿಸಿ ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ಆದ್ದರಿಂದ ಕಾರು ಮಟ್ಟವಾಗಿ, ಮುಂದಿನ ಸಸ್ಪೆನ್ಶನ್ ಮತ್ತು ಹಿಂದಿನ ಆಕ್ಸಲಿನ ಹತ್ತಿರದ ಗಟ್ಟಿ ಜಾಗಗಳಲ್ಲಿ ಆಧಾರ ಪಡೆದು ನಿಂತಿರಬೇಕು. ಪ್ರತಿ ಬಾಗಿಲ ಚೌಕಟ್ಟಿನೊಳಗೆ ಒಂದಿಂಚಿನ ಚೌಕ ಪೈಪುಗಳನ್ನು ಅಡ್ಡಕ್ಕೂ ಓರೆಗೂ ತಾತ್ಕಾಲಿಕವಾಗಿ ಬೆಸೆಯಿರಿ. ಬಾಗಿಲಿನ ಸುತ್ತಲಿನ ಸಂದುಗಳನ್ನು, ಚೌಕಟ್ಟಿನ ಓರೆ ಅಳತೆಗಳನ್ನು ಬರೆದಿಡಿ. ಒಂದು ಬದಿಯ ಕೆಲಸ ಪೂರ್ತಿ ಮುಗಿಸಿ, ಬಾಗಿಲು ತೂಗಿ, ಮುಚ್ಚಿ, ಅಳತೆ ತಾಳೆ ನೋಡಿದ ಮೇಲಷ್ಟೇ ಇನ್ನೊಂದು ಬದಿಗೆ ಹೋಗಿ.

ತಗಡು ಸಿಆರ್ ಶೀಟ್, ಅಂದರೆ ತಣ್ಣಗಿರುವಾಗ ಉರುಳೆಯಲ್ಲಿ ಹಾಯಿಸಿ ಮಾಡಿದ ಲೇಪವಿಲ್ಲದ ಉಕ್ಕಿನ ಹಾಳೆ ಆಗಿರಲಿ. ಹೊರಮೈಗೆ 20 ಗೇಜ್, ಅಂದರೆ ಸುಮಾರು 0.9 ಮಿಲಿಮೀಟರ್, ನೆಲಕ್ಕೆ 18 ಗೇಜ್, ಸ್ಪ್ರಿಂಗಿನ ಆಧಾರ, ಜಾಕಿಯ ಜಾಗಗಳಿಗೆ 16 ಗೇಜ್ ಸಾಕು. ಮಾಡಿಗೆ ಹಾಕುವ ಜಿಐ ಶೀಟ್ ಬೇಡ, ಅದರಲ್ಲಿ ಸತುವಿನ ಲೇಪವಿದೆ. ವೆಲ್ಡ್ ಮಾಡುವಾಗ ಏಳುವ ಅದರ ಹೊಗೆಯಿಂದ ಚಳಿಜ್ವರದಂತಹ ಕಾಯಿಲೆ ಬರುತ್ತದೆ. ನಿಮ್ಮಲ್ಲಿರುವುದು ಸಾಮಾನ್ಯ ಆರ್ಕ್ ವೆಲ್ಡಿಂಗ್ ಯಂತ್ರವಾದರೆ ಅದನ್ನು ಗೇಟು, ಕಿಟಕಿಗಳಿಗೆ ಮೀಸಲಿಡಿ, ತೆಳು ತಗಡನ್ನು ಅದು ಸುಟ್ಟು ತೂತು ಮಾಡುತ್ತದೆ. 0.8 ಮಿಲಿಮೀಟರ್ ತಂತಿಯ ಸಿಒಟು ವೆಲ್ಡಿಂಗ್ ಯಂತ್ರವನ್ನು ಬಾಡಿಗೆಗಾದರೂ ತನ್ನಿ. ಉದ್ದಕ್ಕೆ ಎಳೆಯದೆ, ಚುಕ್ಕಿ ಚುಕ್ಕಿಯಾಗಿ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಂದು ಜಾಗ ಬದಲಿಸುತ್ತ ಬೆಸೆದರೆ ತಗಡು ಕಾವಿಗೆ ಸೊಟ್ಟಗಾಗುವುದಿಲ್ಲ. ತುಕ್ಕಿನ ಮೇಲೆ ತೇಪೆ ಹಚ್ಚಬೇಡಿ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಲ್ಲಿಂದ ಹೊಸತನ್ನು ಸೇರಿಸಿ. ಆಕಾರ ಮಾತ್ರ ಹಳೆಯದಕ್ಕೆ ಸರಿಯಾಗಿರಲಿ, ಪ್ರತಿ ಹಂತದ ಫೋಟೋ ಇರಲಿ. ವಿಂಟೇಜ್ ನೋಂದಣಿಯ ಸಮಿತಿಯ ಮುಂದೆ ನೀವು ಮಾಡಿದ್ದು ದುರಸ್ತಿಯೇ ಹೊರತು ಮಾರ್ಪಾಡಲ್ಲ ಎಂದು ತೋರಿಸಲು ಅವು ಬೇಕಾಗುತ್ತವೆ.

ಬೆಂಕಿಯ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕನ್ನು ಕಳಚಿ ಶೆಡ್ಡಿನಿಂದ ದೂರ ಇಡಬೇಕು. ವರ್ಷಗಳಿಂದ ಖಾಲಿಯಿದೆ ಎಂದು ಕಾಣುವ ಟ್ಯಾಂಕಿನೊಳಗಿನ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಅದರ ತೂತನ್ನು ಮನೆಯಲ್ಲಿ ವೆಲ್ಡ್ ಮಾಡಲೇಬಾರದು. ಅಟ್ಟದ ಮೇಲೆ ಬೈಹುಲ್ಲು, ಮೂಲೆಯಲ್ಲಿ ಸೋಗೆ, ಒಣಗಿದ ಅಡಿಕೆ ಸಿಪ್ಪೆ ಇರುವ ಶೆಡ್ಡಿನಲ್ಲಿ ಒಂದು ಕಿಡಿಯೂ ಹಾರಬಾರದು. ಅಗ್ನಿಶಾಮಕ ಸಿಲಿಂಡರು ಮತ್ತು ಒಂದು ಬಕೆಟ್ ಹೊಯಿಗೆ (ಮರಳು) ಕೈಗೆಟುಕುವಂತಿರಲಿ. ಕೆಲಸ ನಿಲ್ಲಿಸಿದ ಮೇಲೂ ಒಂದು ಗಂಟೆ ಅಲ್ಲೇ ಇದ್ದು ನೋಡಿ.

ನಮ್ಮ ಊರಿನಲ್ಲಿ ಕಾರು ಕಟ್ಟುವವನಿಗೆ ಪಂಚಾಂಗ ಬೇಕು. ತಗಡಿನ ಕೆಲಸಕ್ಕೂ ಬಣ್ಣಕ್ಕೂ ಒದಗುವ ಕಾಲ ತುಲಾಮಳೆ (ಅಕ್ಟೋಬರ್-ನವೆಂಬರಿನ ಮಳೆ) ಹಿಂದೆಗೆದ ಮೇಲಿನಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಮಾತ್ರ. ಮಳೆಗಾಲದಲ್ಲಿ ಬೆಳಿಗ್ಗೆ ಉಜ್ಜಿ ಹೊಳಪು ಬರಿಸಿದ ತಗಡಿಗೆ ಸಂಜೆಯೊಳಗೆ ಕೆಂಪು ಬಣ್ಣ ಬಂದಿರುತ್ತದೆ, ಅದರ ಮೇಲೆ ಪ್ರೈಮರ್ ಬಳಿದರೆ ತುಕ್ಕನ್ನು ಒಳಗಿಟ್ಟು ಹೊಲಿದಂತೆ. ಬೇಸಗೆಯಲ್ಲೂ ಒಂದು ದಿನದಲ್ಲಿ ಎಷ್ಟು ಜಾಗಕ್ಕೆ ಪ್ರೈಮರ್ ಹಚ್ಚಬಲ್ಲಿರೋ ಅಷ್ಟನ್ನೇ ಉಜ್ಜಿ. ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ತೇವವನ್ನು ಹೀರಿಕೊಳ್ಳುತ್ತದೆ. ಎರಡು ಡಬ್ಬಿ ಬೆರೆಸಿ ಬಳಿಯುವ ಎಪಾಕ್ಸಿ ಪ್ರೈಮರನ್ನೇ ಬಳಸಿ. ಬಣ್ಣವೆಲ್ಲ ಮುಗಿದ ಮೇಲೆ ಟೊಳ್ಳು ಪೆಟ್ಟಿಗೆಗಳ ಒಳಗೆ ಮೇಣದಂತಹ ತುಕ್ಕುರೋಧಕ ದ್ರವವನ್ನು ಉದ್ದ ನಳಿಗೆಯಿಂದ ಚಿಮ್ಮಿಸಬೇಕು. ಹಿಂದಿನ ಐವತ್ತು ವರ್ಷದ ತುಕ್ಕು ಹುಟ್ಟಿದ್ದು ಅಲ್ಲೇ. ಕೊನೆಯ ಬಣ್ಣವನ್ನು ಮಾತ್ರ ಮನೆಯಲ್ಲಿ ಹೊಡೆಯಬೇಡಿ. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಹನಿಗಾಳಿ ಶ್ವಾಸಕೋಶಕ್ಕೆ ಹೋದರೆ ಬಿಡದ ಉಬ್ಬಸ ಬರಬಹುದು, ಮೂಗಿಗೆ ಕಟ್ಟಿದ ಬೈರಾಸು (ಟವೆಲು) ಅದನ್ನು ತಡೆಯದು. ಹಳೆಯ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಹೊಡೆಯುತ್ತೇನೆಂದರೆ ತೇವದ ಗಾಳಿಯಲ್ಲಿ ಅದು ಬೆಳ್ಳಗೆ ಮಂಜು ಕಟ್ಟುತ್ತದೆ. ತಗಡು ಮತ್ತು ಪ್ರೈಮರ್ ನಿಮ್ಮ ಕೈಯದ್ದಾಗಿರಲಿ, ಬಣ್ಣ ಮಾತ್ರ ಪೇಂಟಿಂಗ್ ಬೂತ್ ಇರುವವರ ಕೈಯದ್ದಾಗಲಿ.

ಮಳೆಯ ನಾಲ್ಕು ತಿಂಗಳು ಸುಮ್ಮನೆ ಕೂರಬೇಕಾಗಿಲ್ಲ. ಯಂತ್ರದ ಭಾಗಗಳ ಕೆಲಸಕ್ಕೆ ಅದೇ ಒಳ್ಳೆಯ ಕಾಲ. ಅಲ್ಲೂ ಮೊದಲ ಸ್ಥಾನ ಬ್ರೇಕಿನದು. ನಿಮ್ಮ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ದ್ರವದ ದಾರಿ ಒಂದೇ. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಉಕ್ಕಿನ ಪೈಪುಗಳು ಒಳಗಿನಿಂದ ತುಕ್ಕು ಹಿಡಿದಿರುತ್ತವೆ. ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳು, ರಬ್ಬರ್ ಹೋಸುಗಳು, ಪೈಪುಗಳು ಎಲ್ಲವನ್ನೂ ಹೊಸತು ಹಾಕಿ. ಪರೀಕ್ಷಿಸಿ ಚೆನ್ನಾಗಿರುವುದನ್ನು ಉಳಿಸಿಕೊಳ್ಳುತ್ತೇನೆ ಎಂಬ ಮಿತವ್ಯಯ ಇಲ್ಲಿ ಬೇಡ. ಡೀಸೆಲ್ ಎಂಜಿನ್ ಬೇಡವೆಂದದ್ದಕ್ಕೆ ಕಾನೂನಿನ ಹೊರತಾಗಿ ಇದೂ ಒಂದು ಕಾರಣ. ಮೂತಿಯ ಭಾರವೂ ವೇಗವೂ ಹೆಚ್ಚಿದ ಕಾರನ್ನು ಆ ಡ್ರಮ್ಮುಗಳು ತಡೆದು ನಿಲ್ಲಿಸಲಾರವು.

ಎಂಜಿನ್ನಿನ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. 1089 ಸಿಸಿಯ, ನಾಲ್ಕು ಸಿಲಿಂಡರಿನ ಈ ಸರಳ ಎಂಜಿನ್ ಪದ್ಮಿನಿಯಲ್ಲೂ ಮುಂದುವರಿದುದರಿಂದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಬ್ಯಾಟರಿ ಜೋಡಿಸಿ ಸ್ಟಾರ್ಟರ್ ಒತ್ತುವ ಪ್ರಯತ್ನ ಮಾತ್ರ ಮಾಡಬೇಡಿ, ತುಕ್ಕಿನಿಂದ ಅಂಟಿದ ರಿಂಗುಗಳು ಮುರಿದು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಗೀರು ಬೀಳುತ್ತದೆ. ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಸುರಿದು ಒಂದು ವಾರ ಬಿಡಿ, ಆಮೇಲೆ ಕ್ರ್ಯಾಂಕಿನ ತುದಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಎರಡೂ ದಿಕ್ಕಿಗೆ ಕೂದಲೆಳೆಯಷ್ಟು ಅಲುಗಿಸುತ್ತ ಬನ್ನಿ. ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು; ಹಳೆಯ ನೀರು ನಿಂತು ಇವೆರಡರ ನಡುವೆ ಸವೆತವಾಗಿ ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಉಳಿ ಹೊಡೆದು ಎಬ್ಬಿಸಬೇಡಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ತೇವವನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಆದ್ದರಿಂದ ಇಂಧನದ ಹೋಸುಗಳನ್ನೂ ಪಂಪಿನ ಡಯಾಫ್ರಾಮನ್ನೂ ಎಥನಾಲ್ ತಾಳುವ ರಬ್ಬರಿನವಕ್ಕೆ ಬದಲಿಸಿ. ಮಳೆಗಾಲದಲ್ಲಿ ಕಾರನ್ನು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಿ.

ಹಾಗಾದರೆ ನಿಮ್ಮದೇ ಕಲ್ಪನೆಗೆ ಎಲ್ಲಿ ಜಾಗ? ಮತ್ತೆ ಹಿಂದಿನಂತೆ ಮಾಡಬಹುದಾದ ಬದಲಾವಣೆಗಳೆಲ್ಲ ನಿಮ್ಮವು. ಡೈನಮೊದ ಜಾಗದಲ್ಲಿ ಬೋಲ್ಟಿನಿಂದ ಬಿಗಿಯುವ ಆಲ್ಟರ್ನೇಟರ್ ಹಾಕಬಹುದು, ಹಳೆಯದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಇಲಿ ಕಡಿದ ವಯರಿಂಗನ್ನು ಪೂರ್ತಿ ಕಿತ್ತು, ಸಾಕಷ್ಟು ಫ್ಯೂಸುಗಳಿರುವ ಹೊಸ ಜೋಡಣೆ ಮಾಡಿ, ಹೆಡ್‌ಲೈಟಿಗೆ ರಿಲೇ ಕೊಡಬಹುದು. ಮುಂದಿನ ಸೀಟುಗಳಿಗೆ ಬೆಲ್ಟು ಹಾಕಿಸಲೇಬೇಕು ಎಂಬುದು ನನ್ನ ಒತ್ತಾಯ. ಬೆಲ್ಟಿನ ಬೋಲ್ಟು ಬರಿಯ ನೆಲದ ತಗಡಿಗಲ್ಲ, ಅಡಿಯಿಂದ ಕೊಟ್ಟ 3 ಮಿಲಿಮೀಟರ್ ದಪ್ಪದ ಪಟ್ಟಿಗೆ ಬಿಗಿಯಬೇಕು. ಸೀಟಿನ ಹೊದಿಕೆ, ಒಳಮೈಯ ಬಟ್ಟೆ, ಸದ್ದು ತಡೆಯುವ ಹಾಸು, ಬಣ್ಣ ಇವೆಲ್ಲ ನಿಮ್ಮ ಅಭಿರುಚಿಗೆ ಬಿಟ್ಟದ್ದು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ದಾಖಲಿಸಿಕೊಳ್ಳಿ. ಆದರೆ ಅಜ್ಜ ಕೊಂಡಾಗಿನ ಬಣ್ಣ ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ ಬಿಸಿಲು ಕಾಣದೆ ಉಳಿದಿರುತ್ತದೆ, ಒಮ್ಮೆ ಅದನ್ನು ನೋಡಿ ಆಮೇಲೆ ನಿರ್ಧರಿಸಿ ಎಂದು ಕೇಳಿಕೊಳ್ಳುತ್ತೇನೆ.

ಬಿಡಿಭಾಗಗಳಿಗೆ ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು ಇವೆ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರದಲ್ಲಿ ಮುಗಿದುಹೋದುದರಿಂದ ಅಲ್ಲಿನ ದಾಸ್ತಾನು ಇನ್ನು ಕರಗುತ್ತಲೇ ಹೋಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕಿನ ಭಾಗಗಳನ್ನು ಸಿಕ್ಕಾಗ ಕೊಂಡಿಡುವುದು ಒಳ್ಳೆಯದು. ಡಿಲೈಟಿನ ಮುಂಭಾಗದ ಜಾಲರಿ, ಅಲಂಕಾರದ ಪಟ್ಟಿಗಳು ಪದ್ಮಿನಿಯದಕ್ಕಿಂತ ಬೇರೆ. ಅವು ಎಷ್ಟೇ ಸೊಟ್ಟಗಿದ್ದರೂ ಎಸೆಯಬೇಡಿ, ಕಳಚಿದ ಪ್ರತಿಯೊಂದನ್ನೂ ಹೆಸರು ಬರೆದ ಚೀಟಿಯೊಡನೆ ಡಬ್ಬಿಯಲ್ಲಿಡಿ. ವಾರದಲ್ಲಿ ಒಂದು ದಿನ ಮಾತ್ರ ಕೊಡಬಲ್ಲಿರಾದರೆ ತಗಡಿನ ಕೆಲಸಕ್ಕೇ ಎರಡು ಬೇಸಗೆ ಬೇಕೆಂದು ಲೆಕ್ಕ ಹಾಕಿಕೊಳ್ಳಿ.

ಈ ಎಲ್ಲದಕ್ಕೂ ಮೊದಲು, ಬರುವ ಭಾನುವಾರ ಕಾರನ್ನು ಎತ್ತಿ ನಿಲ್ಲಿಸಿ ಸುತ್ತಿಗೆಯ ಪರೀಕ್ಷೆಯೊಂದನ್ನು ಮುಗಿಸಿ. ನೆಲದ ತಗಡು, ಡಿಕ್ಕಿಯ ನೆಲ, ಒಂದು ಬದಿಯ ಹೊಸ್ತಿಲ ಪೆಟ್ಟಿಗೆ ಇಷ್ಟು ಹೋಗಿದ್ದರೆ ಅದು ಮನೆಯಲ್ಲೇ ಆಗುವ ಕೆಲಸ, ಧೈರ್ಯವಾಗಿ ಕೈಹಾಕಿ. ಎರಡೂ ಬದಿಯ ಹೊಸ್ತಿಲ ಪೆಟ್ಟಿಗೆಗಳ ಜೊತೆಗೆ ಹಿಂದಿನ ಸ್ಪ್ರಿಂಗಿನ ಆಧಾರಗಳಲ್ಲೂ ಸ್ಕ್ರೂಡ್ರೈವರ್ ಒಳಗೆ ಇಳಿದುಹೋದರೆ ಶೆಡ್ಡಿನಲ್ಲಿ ಕತ್ತರಿಸಲು ಹೋಗಬೇಡಿ. ಬಾಡಿಯನ್ನು ಅಳತೆಗೆ ಹಿಡಿದು ನಿಲ್ಲಿಸುವ ಚೌಕಟ್ಟು ಇರುವ ವರ್ಕ್‌ಶಾಪಿಗೆ ಆ ಭಾಗದ ಕೆಲಸವನ್ನಷ್ಟೇ ಕೊಟ್ಟು, ಉಳಿದುದನ್ನು ಮನೆಗೆ ತಂದು ಮುಂದುವರಿಸಿ.